ಶಾಲೆಯ ಆಟದ ಅಂಗಳವನ್ನು ನೀರು, ನೆರಳು ಮತ್ತು ಮಣ್ಣಿನಿಂದ ಕಟ್ಟುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಆಟದ ಅಂಗಳಕ್ಕೆಂದು ಒಂದಿಷ್ಟು ಹಣ ಮಂಜೂರಾದರೆ ನಮ್ಮ ಶಾಲೆಗಳಲ್ಲಿ ಮೊದಲು ಕೈಗೆ ಬರುವುದು ಸಲಕರಣೆಗಳ ಕ್ಯಾಟಲಾಗ್. ಪ್ಲಾಸ್ಟಿಕ್ ಜಾರುಬಂಡೆ, ಕಬ್ಬಿಣದ ಉಯ್ಯಾಲೆ, ಅವುಗಳ ಕೆಳಗೆ ರಬ್ಬರ್ ಹಾಸು ಬಂದು ಕೂತ ಮೇಲೆ ಉಳಿದ ಮೂಲೆಗೆ ನಾಲ್ಕು ಸಸಿ ಬೀಳುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮಳೆನೀರಿಗೆ ದಾರಿ ಮಾಡಿ, ನಂತರ ನೆರಳಿಗೆ ಗಿಡ ನೆಟ್ಟು, ಆಮೇಲೆ ನೆಲಕ್ಕೆ ಏರಿಳಿತ ಕೊಟ್ಟು, ಹಣ ಉಳಿದರೆ ಮಾತ್ರ ಕೊನೆಗೆ ಸಲಕರಣೆ ತರಬೇಕು. ಹೀಗೆ ಮಾಡಿದ ಅಂಗಳ ಅಗ್ಗವಾಗುತ್ತದೆ, ಬಿಸಿಲಲ್ಲಿ ಸುಡುವುದಿಲ್ಲ, ಹತ್ತು ವರ್ಷದ ಮೇಲೆ ಗುಜರಿಗೆ ಹೋಗುವುದೂ ಇಲ್ಲ.

ವಿವರಣೆಗೆ ಸಿರಾ, ಹಿರಿಯೂರು ಕಡೆಯ ಬಯಲುಸೀಮೆಯ ಒಂದು ಸಾಮಾನ್ಯ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಅಂಗಳ 30 ಮೀಟರ್ ಅಗಲ, 40 ಮೀಟರ್ ಉದ್ದ ಇದೆ, ಅಂದರೆ 1,200 ಚದರ ಮೀಟರ್. ಮಣ್ಣು ಕೆಂಪು, ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಮಕ್ಕಳು 80. ಕರಾವಳಿ, ಮಲೆನಾಡು ಮತ್ತು ಎರೆಭೂಮಿಯವರು ಬದಲಿಸಿಕೊಳ್ಳಬೇಕಾದ ಸಂಗತಿಗಳನ್ನು ಆಯಾ ಜಾಗದಲ್ಲೇ ಹೇಳಿದ್ದೇನೆ.

ಮೊದಲ ಹದಿನೈದು ದಿನ: ನೋಡಿ, ಬರೆದಿಡುವುದು

ಗುದ್ದಲಿ ಹಿಡಿಯುವ ಮೊದಲು ಎರಡು ವಾರ ಅಂಗಳವನ್ನು ಸುಮ್ಮನೆ ಗಮನಿಸಬೇಕು. ಒಂದು ದೊಡ್ಡ ಹಾಳೆಯ ಮೇಲೆ ಕಟ್ಟಡ, ಶೌಚಾಲಯ, ಅಡುಗೆ ಕೋಣೆ, ನಲ್ಲಿ, ಗೇಟು, ಈಗಿರುವ ಮರಗಳು, ವಿದ್ಯುತ್ ತಂತಿ ಇವನ್ನೆಲ್ಲ ಅಳತೆಗೆ ಸರಿಯಾಗಿ ಬರೆದುಕೊಳ್ಳಿ. ಒಂದು ಬಿಸಿಲಿನ ದಿನ ಬೆಳಗಿನ ವಿರಾಮಕ್ಕೆ, ಊಟದ ಹೊತ್ತಿಗೆ ಮತ್ತು ಸಂಜೆಯ ಆಟದ ಅವಧಿಗೆ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆದು, ಮೂರೂ ಗೆರೆಗಳನ್ನು ನಕ್ಷೆಗೆ ಇಳಿಸಿ. ಈ ಕೆಲಸವನ್ನು ಆರು, ಏಳನೇ ತರಗತಿಯ ಮಕ್ಕಳಿಗೇ ವಹಿಸಬಹುದು. ಅಳತೆ, ದಿಕ್ಕು, ಪ್ರಮಾಣದ ಪಾಠ ಅಲ್ಲೇ ಆಗಿಹೋಗುತ್ತದೆ.

ಮಕ್ಕಳು ಈಗ ಎಲ್ಲಿ ಆಡುತ್ತಾರೆ ಎಂಬುದು ಇದಕ್ಕಿಂತ ಮುಖ್ಯ. ನಾನು ನೋಡಿದ ಒಂದು ಶಾಲೆಯಲ್ಲಿ ವಿಶಾಲವಾದ ಅಂಗಳ ಖಾಲಿ ಬಿದ್ದಿತ್ತು. ಒಂದು ಮತ್ತು ಎರಡನೇ ತರಗತಿಯ ಹತ್ತು ಹನ್ನೆರಡು ಮಕ್ಕಳು ನಲ್ಲಿಯ ಹಿಂದೆ, ಎರಡು ಮೀಟರ್ ಅಗಲದ ಕೆಸರಿನ ಪಟ್ಟಿಯಲ್ಲಿ ಒತ್ತಾಗಿ ಕೂತಿದ್ದರು. ಸೋರುವ ನಲ್ಲಿಯಿಂದ ಹರಿದ ನೀರಿಗೆ ಒಬ್ಬ ಹುಡುಗಿ ಕಡ್ಡಿಯಿಂದ ಕಾಲುವೆ ಗೀರುತ್ತಿದ್ದಳು, ಇನ್ನೊಬ್ಬ ಒಡೆದ ಹೆಂಚಿನ ಚೂರಿನಿಂದ ಅದಕ್ಕೆ ಅಡ್ಡ ಕಟ್ಟೆ ಹಾಕುತ್ತಿದ್ದ, ನೀರು ಕಟ್ಟೆ ಮೀರಿದಾಗಲೆಲ್ಲ ಎಲ್ಲರೂ ಕೂಗುತ್ತಿದ್ದರು. ಅದೇ ಶಾಲೆಯ ಕಬ್ಬಿಣದ ಜಾರುಬಂಡೆಯ ಮೇಲೆ ಊಟದ ಹೊತ್ತಿನಲ್ಲಿ ಅಂಗೈ ಇಟ್ಟೆ, ಎರಡು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಜೂನ್‌ನಿಂದ ಮಾರ್ಚ್‌ವರೆಗೆ ಮಕ್ಕಳು ಯಾವುದನ್ನು ಆರಿಸಿಕೊಳ್ಳುತ್ತಾರೋ ಅದೇ ನಿಮ್ಮ ವಿನ್ಯಾಸದ ಮೊದಲ ಗೆರೆ ಆಗಬೇಕು. ಆ ಕೆಸರಿನ ಪಟ್ಟಿಯನ್ನು ಸಿಮೆಂಟು ಹಾಕಿ ಮುಚ್ಚಬೇಡಿ. ಅದಕ್ಕೆ ಸರಿಯಾದ ಜಾಗ ಕೊಡಿ.

ಮಳೆನೀರಿನ ಲೆಕ್ಕ ಮತ್ತು ಮಣ್ಣಿನ ಗುಡ್ಡ

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಮಾದರಿ ಅಂಗಳದ ಮೇಲೆ 20 ಮಿ.ಮೀ.ನ ಒಂದು ಒಳ್ಳೆಯ ಮಳೆ ಸುರಿದರೆ 24,000 ಲೀಟರ್ ನೀರು ಬೀಳುತ್ತದೆ. ಮಕ್ಕಳ ಕಾಲ್ತುಳಿತಕ್ಕೆ ಗಟ್ಟಿಯಾದ ಕೆಂಪು ಮಣ್ಣಿನಲ್ಲಿ ಅದರ ಬಹುಪಾಲು ಇಂಗದೆ, ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಗೇಟಿನಿಂದ ರಸ್ತೆಗೆ ಹರಿಯುತ್ತದೆ. ಶಾಲೆಯ ತಾರಸಿ 150 ಚದರ ಮೀಟರ್ ಇದ್ದು, ನೂರಕ್ಕೆ ಎಂಬತ್ತರಷ್ಟು ನೀರು ಕೈಗೆ ಸಿಗುವುದೆಂದು ಹಿಡಿದರೂ ವರ್ಷಕ್ಕೆ 72,000 ಲೀಟರ್ ಆಗುತ್ತದೆ. ಇಷ್ಟು ನೀರನ್ನು ಹೊರಗೆ ಬಿಟ್ಟು ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಗಿಡಕ್ಕೆ ಹಾಕುವ ಅಂಗಳವನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಮೊದಲು ಇಂಗುವ ಪರೀಕ್ಷೆ ಮಾಡಿ. ಅಂಗಳದ ತಗ್ಗಿನಲ್ಲಿ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಸಮಯ ನೋಡಿ. ಎರಡನೇ ಸಲದ ನೀರು ಅರ್ಧ ದಿನದೊಳಗೆ ಇಂಗಿದರೆ ಅಲ್ಲಿ ಇಂಗುತಗ್ಗು ಮಾಡಬಹುದು. ಇಂಗದೆ ನಿಂತರೆ ಕೆಳಗೆ ಗಟ್ಟಿ ಪದರ ಇದೆ ಎಂದರ್ಥ. ಬೇರೆ ಜಾಗ ನೋಡಬೇಕು ಅಥವಾ ಆ ಪದರವನ್ನು ಒಡೆಯುವವರೆಗೆ ಅಗೆಯಬೇಕು.

ಇಂಗುತಗ್ಗು ಆಳದ ಹೊಂಡವಲ್ಲ. 10 ಮೀಟರ್ ಉದ್ದ, 10 ಮೀಟರ್ ಅಗಲ, ಬರೀ 30 ಸೆಂ.ಮೀ. ಆಳದ ತಟ್ಟೆಯಂಥ ತಗ್ಗು ಸಾಕು. ಅದರಲ್ಲಿ 30,000 ಲೀಟರ್ ಹಿಡಿಯುತ್ತದೆ, ಅಂದರೆ ಮೇಲೆ ಹೇಳಿದ 20 ಮಿ.ಮೀ. ಮಳೆ ಪೂರ್ತಿಯಾಗಿ ಹರಿದು ಬಂದರೂ ತುಂಬಿ ಹೊರಚೆಲ್ಲುವುದಿಲ್ಲ. ದಂಡೆಗಳನ್ನು ಮಗು ನಡೆದು ಇಳಿದು ಹತ್ತುವಷ್ಟು ಓರೆಯಾಗಿ ಮಾಡಿ. ನೀರು ಒಂದು ದಿನದೊಳಗೆ ಇಂಗಲೇಬೇಕು. ಸಣ್ಣ ಮಕ್ಕಳಿಗೆ ಮೊಣಕಾಲಿನಷ್ಟು ನೀರೂ ಅಪಾಯವೇ ಆದುದರಿಂದ ನೀರು ನಿಂತ ದಿನ ಅಂಗನವಾಡಿ ಮಕ್ಕಳನ್ನು ಆ ಕಡೆ ಬಿಡಬಾರದು. ಉಳಿದ ದಿನಗಳಲ್ಲಿ ಅದು ಒಣ ನೆಲವೇ. ಕುಂಟೆಬಿಲ್ಲೆ, ಲಗೋರಿ, ಕಣ್ಣಾಮುಚ್ಚಾಲೆ ಎಲ್ಲವೂ ಅಲ್ಲೇ ನಡೆಯುತ್ತವೆ.

ಅಲ್ಲಿಂದ ತೆಗೆದ 30 ಘನ ಮೀಟರ್ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸಬೇಡಿ. ಅದರಿಂದ 1.2 ಮೀಟರ್ ಎತ್ತರದ ಗುಡ್ಡ ಮಾಡಿದರೆ, ನೆತ್ತಿಯಲ್ಲಿ 2.4 ಮೀಟರ್ ವ್ಯಾಸದ ಸಮತಟ್ಟು ಜಾಗ, ಬುಡದಲ್ಲಿ 8.4 ಮೀಟರ್ ವ್ಯಾಸ, ಸುತ್ತ ಎರಡೂವರೆಗೆ ಒಂದರ (ಎರಡೂವರೆ ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಯುವ) ಇಳಿಜಾರು ಬರುತ್ತದೆ. ತಗ್ಗಿನ ಮಣ್ಣು, ಗುಡ್ಡದ ಮಣ್ಣು ಹೆಚ್ಚುಕಡಿಮೆ ಸರಿಹೋಗುತ್ತವೆ. ಅರ್ಧ ಅಡಿ ಮಣ್ಣು ಹಾಕಿ ನೀರು ಚಿಮುಕಿಸಿ, ದಿಮ್ಮಿಯಿಂದ ಬಡಿದು, ಅದರ ಮೇಲೆ ಮುಂದಿನ ಪದರ ಹಾಕಬೇಕು. ಒಮ್ಮೆಗೇ ಸುರಿದ ಗುಡ್ಡ ಮೊದಲ ಮುಂಗಾರಿಗೆ ಕುಸಿಯುತ್ತದೆ. ಮಳೆ ಶುರುವಾಗುವ ಹೊತ್ತಿಗೆ ಇಳಿಜಾರಿನ ಮೇಲೆ ಹುರುಳಿ ಎರಚಿ, ಬುಡದ ಸುತ್ತ ಲಾವಂಚದ ಸಾಲು ನೆಟ್ಟರೆ ಮೊದಲ ವರ್ಷ ಮಣ್ಣು ನಿಲ್ಲುತ್ತದೆ. ಎರಡನೇ ವರ್ಷ ಗರಿಕೆ ತಾನಾಗಿ ಆವರಿಸುತ್ತದೆ.

ಬಿಸಿಯೂಟದ ನಂತರ ಕೈ, ತಟ್ಟೆ ತೊಳೆದ ನೀರನ್ನೂ ಬಿಡಬೇಡಿ. ಒಂದು ಮಗು ಎರಡು ಲೀಟರ್ ಬಳಸಿದರೂ 80 ಮಕ್ಕಳಿಂದ ದಿನಕ್ಕೆ 160 ಲೀಟರ್ ಆಗುತ್ತದೆ. ಅನ್ನದ ಅಗುಳು ತಡೆಯಲು ಒಂದು ಜಾಲರಿ, ಆಮೇಲೆ ಜಲ್ಲಿ ತುಂಬಿದ ಸಣ್ಣ ಕಾಲುವೆ, ಕೊನೆಗೆ ಬಾಳೆ ಮತ್ತು ಕಾಬಾಳೆಯ ಪಾತಿ. ಇಷ್ಟಕ್ಕೆ ಒಂದು ದಿನದ ಶ್ರಮದಾನ ಸಾಕು. ಮಕ್ಕಳ ಕೆಸರಿನ ಆಟಕ್ಕೆ ಮಾತ್ರ ಈ ನೀರು ಸಲ್ಲದು, ಅದಕ್ಕೆ ಶುದ್ಧ ನೀರಿನ ಒಂದು ಕೈಪಂಪು ಅಥವಾ ಸಣ್ಣ ನಲ್ಲಿ ಬೇರೆಯೇ ಇರಲಿ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವುದರಿಂದ ಅಲ್ಲಿ ನೀರು ಹಿಡಿದಿಡುವುದಕ್ಕಿಂತ ಮಣ್ಣು ಕೊಚ್ಚದಂತೆ ನಿಧಾನವಾಗಿ ಹೊರಗೆ ಬಿಡುವುದು ಮುಖ್ಯ. ಗದಗ, ವಿಜಯಪುರದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದ ಕಂಬಗಳು ಎರಡು ಮೂರು ವರ್ಷಕ್ಕೆ ವಾಲುತ್ತವೆ, ಆದುದರಿಂದ ಒಂದು ಅಡಿ ದಪ್ಪ ಗರಸು ಹಾಸಿ, ನೆಲದ ಮೇಲೆ ತಮ್ಮ ಭಾರದಿಂದಲೇ ಕೂರುವ ಕಲ್ಲು, ಬೊಡ್ಡೆಗಳನ್ನು ಬಳಸುವುದು ಲೇಸು.

ನೆರಳು

ಯುರೋಪಿನ ಕೈಪಿಡಿಗಳು ಜಾರುಬಂಡೆಯನ್ನು ಉತ್ತರಕ್ಕೆ ಮುಖ ಮಾಡಿ ಕೂರಿಸಿದರೆ ಅದು ಕಾಯುವುದಿಲ್ಲ ಎನ್ನುತ್ತವೆ. ನಮ್ಮ ಅಕ್ಷಾಂಶಕ್ಕೆ ಆ ಮಾತು ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಆದುದರಿಂದ ಇಲ್ಲಿ ದಿಕ್ಕು ಬದಲಿಸಿ ಪ್ರಯೋಜನವಿಲ್ಲ, ಮೇಲಿನಿಂದ ನೆರಳೇ ಬೇಕು. ಸಂಜೆಯ ಓರೆ ಬಿಸಿಲು ಪಶ್ಚಿಮದಿಂದ ಬರುವುದರಿಂದ ಆ ಬದಿಗೆ ಮರಗಳ ಎರಡು ಸಾಲು ಹಾಕಬೇಕು.

ಬಯಲುಸೀಮೆಯ ಅಂಗಳಕ್ಕೆ ನಾನು ಮೊದಲು ಹೇಳುವ ಮರ ಹೊಂಗೆ. ಎಲೆ ಉದುರಿಸಿದರೂ ಯುಗಾದಿಯ ಹೊತ್ತಿಗೆ, ಬಿಸಿಲು ಏರುವ ಸಮಯಕ್ಕೆ ಸರಿಯಾಗಿ, ತಿಳಿಹಸಿರು ಚಿಗುರಿನಿಂದ ತುಂಬಿಕೊಳ್ಳುತ್ತದೆ. ದನ, ಮೇಕೆ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೊಡುತ್ತವೆ. ಅದರ ಬೀಜ ಕಹಿಯೂ ವಿಷಕರವೂ ಹೌದು, ಅಗಿಯಬಾರದೆಂದು ಮಕ್ಕಳಿಗೆ ಹೇಳಿಡಬೇಕು. ಹುಣಸೆ ನಿಧಾನ, ಆದರೆ ಅದರ ಕೊಂಬೆ ಗಟ್ಟಿ. ಮರಕೋತಿ ಆಟಕ್ಕೆ ಅಂಥ ಮರ ಬೇರೆ ಇಲ್ಲ. ಇಂಗುತಗ್ಗಿನ ದಂಡೆಯಲ್ಲಿ ನೇರಳೆ ಮತ್ತು ಅತ್ತಿ, ಬೇಲಿಯ ಬದಿಗೆ ನೆಲ್ಲಿ, ಸೀತಾಫಲ ಒಪ್ಪುತ್ತವೆ. ಆಲ, ಅರಳಿ, ಬಸರಿಗಳನ್ನು ಕಟ್ಟಡದಿಂದ, ಸಂಪಿನಿಂದ ಕನಿಷ್ಠ 12 ಮೀಟರ್ ದೂರದಲ್ಲಿ ಒಂದೇ ಒಂದು ನೆಟ್ಟರೆ ಸಾಕು. ಇವನ್ನು ಸಸಿಯಿಂದ ಬೆಳೆಸಬೇಕಾಗಿಲ್ಲ. ತೋಳಿನ ದಪ್ಪದ, ಆಳೆತ್ತರ ಮೀರಿದ ಕೊಂಬೆಯನ್ನು ಮುಂಗಾರಿನ ಆರಂಭದಲ್ಲಿ ಎರಡಡಿ ಆಳಕ್ಕೆ ನೆಟ್ಟು, ತುದಿಗೆ ಸಗಣಿ ಮೆತ್ತಿದರೆ ಚಿಗುರುತ್ತದೆ, ಮೇಕೆಯ ಬಾಯಿಗೂ ಎಟುಕುವುದಿಲ್ಲ. ಹುಲಿಕಲ್‌ನಿಂದ ಕುದೂರಿನವರೆಗೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ದಂಪತಿ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಅವನ್ನು ಉಳಿಸಿದರು. ಇಂದಿಗೂ ಒಂದು ಹೊರೆ ಜಾಲಿಮುಳ್ಳು ಎಷ್ಟೋ ಕಡೆ ಕಬ್ಬಿಣದ ಟ್ರೀಗಾರ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮರ ಬಲಿತ ಮೇಲೆ ಆ ಮುಳ್ಳನ್ನು ಪೂರ್ತಿ ತೆಗೆಯುವುದು ಮರೆಯಬಾರದು, ಏಕೆಂದರೆ ನಮ್ಮ ಮಕ್ಕಳು ಬರಿಗಾಲಲ್ಲಿ ಆಡುತ್ತಾರೆ.

ಬೇಡದ ಗಿಡಗಳ ಪಟ್ಟಿಯನ್ನು ಶಾಲೆಯ ಗೋಡೆಯ ಮೇಲೆ ಚಿತ್ರಸಹಿತ ಬರೆಯಿಸಬೇಕು ಎನ್ನುವಷ್ಟು ಇದು ಗಂಭೀರ ವಿಷಯ. ಕಣಗಿಲೆ, ಅದರಲ್ಲೂ ಹಳದಿ ಹೂವಿನ ಕಣಗಿಲೆಯ ಬೀಜ, ಹೃದಯಕ್ಕೆ ನೇರ ವಿಷ. ನೋಡಲು ಚೆಂದವಿದೆ, ದನ ತಿನ್ನುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಶಾಲೆಗಳಲ್ಲೇ ಹೆಚ್ಚಾಗಿ ನೆಟ್ಟಿರುತ್ತಾರೆ. ಹರಳು, ಕಾಡುಹರಳು, ಉಮ್ಮತ್ತಿ, ಗುಲಗಂಜಿ ಇವುಗಳ ಬೀಜಗಳೂ ಮಕ್ಕಳ ಕೈಗೆ ಸಿಗಬಾರದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ. ಲಂಟಾನ, ಪಾರ್ಥೇನಿಯಂಗಳನ್ನು ಹೂವಾಗುವ ಮೊದಲೇ ಕೈಗವಸು ಹಾಕಿಕೊಂಡ ದೊಡ್ಡವರು ಕೀಳಬೇಕು, ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. ಗುಲ್‌ಮೊಹರ್ ಗಾಳಿಮಳೆಗೆ ಕೊಂಬೆ ಮುರಿದುಕೊಳ್ಳುತ್ತದೆ. ತೆಂಗು ಆಟದ ಜಾಗದ ಮೇಲೆ ಬೇಡ. ನುಗ್ಗೆ ಬಿಸಿಯೂಟಕ್ಕೆ ಬೇಕೇಬೇಕು, ಆದರೆ ಮಳೆಗಾಲದಲ್ಲಿ ಅದರ ಕಾಂಡದ ತುಂಬ ಕಂಬಳಿಹುಳು ಹತ್ತುವುದರಿಂದ ಅಡುಗೆ ಕೋಣೆಯ ಹಿಂದೆ ನೆಡಿ.

ಪೊದೆ ಎಂದರೆ ಹಾವು ಎಂದು ಪಾಲಕರು ಆತಂಕಪಡುವುದು ಸಹಜ, ಅದನ್ನು ಅಲ್ಲಗಳೆಯಬಾರದು. ಪೊದೆಗಳ ಬುಡದಿಂದ ಎರಡು ಅಡಿಯವರೆಗೆ ರೆಂಬೆ ಸವರಿ ನೆಲ ಕಾಣುವಂತೆ ಇಡುವುದು, ಕಲ್ಲಿನ ಗುಡ್ಡೆಗಳ ಸಂದಿಯನ್ನು ಮಣ್ಣಿನಿಂದ ತುಂಬುವುದು, ಇಲಿ ಬಾರದಂತೆ ಅನ್ನದ ಅಗುಳನ್ನು ಅಂದಂದೇ ಗೊಬ್ಬರದ ಗುಂಡಿಗೆ ಹಾಕಿ ಮುಚ್ಚುವುದು, ಈ ಮೂರನ್ನು ತಪ್ಪದೆ ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ.

ಎತ್ತರ, ಬೀಳುವಿಕೆ ಮತ್ತು ನೆಲದ ಹಾಸು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಆಟದ ಅಂಗಳದ ಖರ್ಚೂ, ಪರಿಸರಕ್ಕೆ ಬೀಳುವ ಹೊರೆಯೂ ಹೆಚ್ಚಾಗಿ ಈ ಒಂದು ಪ್ರಶ್ನೆಯಿಂದ ಬರುತ್ತವೆ. ಎತ್ತರದ ಸಲಕರಣೆ ತಂದರೆ ಬಿದ್ದ ಮಗುವಿಗೆ ಪೆಟ್ಟಾಗದ ಮೆತ್ತನೆಯ ಹಾಸು ಬೇಕಾಗುತ್ತದೆ, ಆ ಹಾಸಿಗಾಗಿ ಮಾರುಕಟ್ಟೆಯಲ್ಲಿ ಸಿಗುವುದು ರಬ್ಬರ್, ಕೃತಕ ಹುಲ್ಲು ಅಥವಾ ಮರಳು. ರಬ್ಬರ್ ಹಾಸು ಮತ್ತು ಕೃತಕ ಹುಲ್ಲು ಬೇಸಿಗೆಯ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತವೆ, ಸವೆದಂತೆ ಪುಡಿಯಾಗಿ ಮಣ್ಣು ಸೇರುತ್ತವೆ. ಕೃತಕ ಹುಲ್ಲಿನ ನಡುವೆ ತುಂಬುವ ರಬ್ಬರ್ ಹರಳುಗಳಿಂದ ಸೂಕ್ಷ್ಮ ಪ್ಲಾಸ್ಟಿಕ್ ಹರಡುವುದನ್ನು ಗಮನಿಸಿ ಯುರೋಪಿಯನ್ ಒಕ್ಕೂಟ 2023ರಲ್ಲಿ ಅವುಗಳ ಮಾರಾಟವನ್ನು ನಿಲ್ಲಿಸಲು 8 ವರ್ಷಗಳ ಗಡುವು ಹಾಕಿತು. ಅಲ್ಲಿ ಬಿಡುತ್ತಿರುವುದನ್ನು ನಾವು ಹೊಸದೆಂದು ತರುವುದು ಸರಿಯಲ್ಲ. ಇನ್ನು ಹೊಳೆಯ ಮರಳು. ಅದನ್ನು ತೆಗೆದು ನಮ್ಮ ಹೊಳೆಗಳು ಏನಾಗಿವೆ ಎಂಬುದನ್ನು ನದಿದಂಡೆಯ ಊರಿನವರಿಗೆ ಹೇಳಬೇಕಾಗಿಲ್ಲ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದಾದುದರಿಂದ ಅದರ ಕಣಗಳು ಮೊನಚು, ಒಂದರೊಳಗೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಬೀಳುವ ಮಗುವಿಗೆ ಅದು ಮೆತ್ತೆಯಲ್ಲ.

ಹೀಗಾಗಿ ಬೀಳುವ ಎತ್ತರವನ್ನೇ ತೆಗೆದುಹಾಕುವುದು ಸರಿಯಾದ ದಾರಿ. ನಮ್ಮ ಭಾಷೆಯಲ್ಲಿ ಇದಕ್ಕೆ ಜಾರು'ಬಂಡೆ' ಎಂದೇ ಹೆಸರು. ಹಳ್ಳಿಯ ಮಕ್ಕಳು ಊರಾಚೆಯ ಬಂಡೆಯ ಮೇಲೆ ಜಾರುತ್ತಿದ್ದರು, ಅದಕ್ಕೆ ಏಣಿಯೂ ಇರಲಿಲ್ಲ, ಕೆಳಗೆ ಪೊಳ್ಳೂ ಇರಲಿಲ್ಲ. ನಾವು ಮಾಡಿದ ಮಣ್ಣಿನ ಗುಡ್ಡದ ಒಂದು ಬದಿಯನ್ನು ಮಾತ್ರ 30 ಡಿಗ್ರಿಗೆ ಏರಿಸಿ, ಅದರ ಮೈಗೆ ಅಂಟಿಕೊಂಡಂತೆ ನುಣುಪಾಗಿ ತಿಕ್ಕಿದ ಚಪ್ಪಡಿಯನ್ನೋ ರೆಡ್‌ಆಕ್ಸೈಡ್ ಗಾರೆಯನ್ನೋ ಕೂರಿಸಿದರೆ, ಮಗು ಜಾರುವಾಗ ಎಲ್ಲಿ ಬದಿಗೆ ಉರುಳಿದರೂ ಒಂದು ಗೇಣು ಕೆಳಗೆ ಹುಲ್ಲು ಸಿಗುತ್ತದೆ. ಇಕ್ಕೆಲಗಳಲ್ಲಿ 10 ಸೆಂ.ಮೀ. ಎತ್ತರದ ಅಂಚು ಇರಲಿ, ಕೊನೆಯಲ್ಲಿ ವೇಗ ತಗ್ಗಲು ಅರ್ಧ ಮೀಟರಿನಷ್ಟು ಸಮತಟ್ಟು ಭಾಗ ಇರಲಿ. ಮೇಲೆ ಹೊಂಗೆಯ ನೆರಳು ಬರುವವರೆಗೆ, ಮೊದಲ ನಾಲ್ಕೈದು ವರ್ಷ, ಅಡಿಕೆ ದಬ್ಬೆ ಮತ್ತು ತೆಂಗಿನ ಗರಿಯ ಚಪ್ಪರ ಹಾಕಬೇಕು.

ಉಯ್ಯಾಲೆಗೆ ಮಾತ್ರ ಹಾಸು ತಪ್ಪಿದ್ದಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಅಂಗುಲದ ಮರಳು 4 ಅಡಿ ಎತ್ತರದಿಂದ ಬೀಳುವುದನ್ನು ತಾಳುತ್ತದೆ, ಅಷ್ಟೇ ದಪ್ಪದ ಮರದ ತೊಗಟೆ, ಚೂರುಗಳ ಹಾಸು 7 ಅಡಿಯವರೆಗೆ ತಾಳುತ್ತದೆ. ತುಳಿತಕ್ಕೆ ಕಾಲು ಭಾಗ ಕುಗ್ಗುವುದರಿಂದ ಮೊದಲಿಗೆ 12 ಅಂಗುಲ ತುಂಬಬೇಕು. ಕೈಪಿಡಿ ಹೇಳುವ ಇನ್ನೊಂದು ಮಾತು ನಮ್ಮಲ್ಲಿ ಬಹಳ ಜನಕ್ಕೆ ಹಿಡಿಸದು: ಬರಿಯ ಮಣ್ಣು ಮತ್ತು ಹುಲ್ಲು ರಕ್ಷಣೆಯ ಹಾಸಿನ ಲೆಕ್ಕಕ್ಕೆ ಬರುವುದಿಲ್ಲ. ಸಾಮಿಲ್ಲಿನಿಂದ ಬರುವ ತೊಗಟೆಯಲ್ಲಿ ಮೊಳೆ, ಬಣ್ಣ ಬಳಿದ ಚೂರು, ಪ್ಲೈವುಡ್ ಇರಕೂಡದು. ತಿಪಟೂರು ಕಡೆಯವರು ತೆಂಗಿನ ಮಟ್ಟೆಯ ಚೂರನ್ನು ಹಾಸಲು ಬಯಸುತ್ತಾರೆ. ದಾರಿಗೆ, ಗಿಡದ ಬುಡಕ್ಕೆ ಅದು ತುಂಬ ಒಳ್ಳೆಯದು, ಆದರೆ ಉಯ್ಯಾಲೆಯ ಕೆಳಗೆ ನಾನು ಅದನ್ನೊಂದನ್ನೇ ನಂಬುವುದಿಲ್ಲ. ಉಯ್ಯಾಲೆಯ ತೊಲೆ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು, ಓಡುವ ಮಕ್ಕಳ ದಾರಿ ಅದಕ್ಕೆ ಅಡ್ಡ ಬರಬಾರದು.

ಉಳಿದೆಡೆ ನೆಲ ಮಣ್ಣಾಗಿಯೇ ಇರಲಿ. ಫಿನ್ಲೆಂಡಿನ ಲಾಹ್ತಿ ಮತ್ತು ಟಾಂಪೆರೆ ನಗರಗಳಲ್ಲಿ 3ರಿಂದ 5 ವರ್ಷದ 75 ಮಕ್ಕಳನ್ನು ಒಳಗೊಂಡ ಒಂದು ಪ್ರಯೋಗ ನಡೆದು, 2020ರಲ್ಲಿ ಅದರ ವರದಿ ಬಂತು. ಜಲ್ಲಿ ಹಾಸಿದ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲುಹಾಸು ತಂದು ಹಾಕಿ, 28 ದಿನ ಮಕ್ಕಳನ್ನು ಅದರಲ್ಲಿ ಆಡಲು ಬಿಟ್ಟಾಗ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಅಂಶಗಳೂ ಸುಧಾರಿಸಿದ್ದು ಕಂಡಿತು. ಪ್ರಯೋಗ ಚಿಕ್ಕದು, ಅಲ್ಲಿನ ಕಾಡಿನ ಮಣ್ಣು ಬೇರೆ, ನಮ್ಮ ಮಣ್ಣು ಬೇರೆ. ಆದರೂ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಅಂಗಳವನ್ನು 'ಸ್ವಚ್ಛ' ಮಾಡಲು ಹೊರಟವರು ಇದನ್ನು ಓದಬೇಕೆನಿಸುತ್ತದೆ. ಮಣ್ಣಿನ ಆಟಕ್ಕೆ ಎರಡು ಷರತ್ತುಗಳಿವೆ: ಆಟ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ನಾಯಿ ಬೆಕ್ಕು ಹೊಲಸು ಮಾಡದಂತೆ ರಾತ್ರಿ ಆ ಜಾಗವನ್ನು ಗೋಣಿತಾಟಿನಿಂದ ಮುಚ್ಚಬೇಕು. ನೆಗ್ಗಿಲು ಮುಳ್ಳನ್ನು ಕಂಡಲ್ಲೆಲ್ಲ ಬೇರುಸಮೇತ ಕೀಳಬೇಕು.

ಸಾಮಗ್ರಿ: ಹತ್ತಿರ ಸಿಗುವುದು, ಕೊನೆಗೆ ಮಣ್ಣಿಗೆ ಮರಳುವುದು

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕಲ್ಲುಚಪ್ಪಡಿ, ಕಲಬುರಗಿಯವರಿಗೆ ಶಹಾಬಾದ್ ಕಲ್ಲು, ಕರಾವಳಿಯವರಿಗೆ ಜಂಬಿಟ್ಟಿಗೆ. ಹಳೆಯ ಮನೆ ಕೆಡವಿದ ಜಾಗದಲ್ಲಿ ಇವು ಧಾರಾಳ ಸಿಗುತ್ತವೆ, ಹೊಸ ಕ್ವಾರಿಯ ಕಲ್ಲೇ ಬೇಕಾಗಿಲ್ಲ. ಅಂಚುಗಳನ್ನು ಉಳಿಯಿಂದ ಮೊಂಡು ಮಾಡಿಸಿ. ಮೊಣಕಾಲೆತ್ತರ ಮೀರದಂತೆ ಬೇರೆ ಬೇರೆ ಎತ್ತರಕ್ಕೆ ಕಲ್ಲುಗಳನ್ನು ಊರಿ, ಒಂದರಿಂದೊಂದಕ್ಕೆ ಮಗುವಿನ ಒಂದು ಹೆಜ್ಜೆಯ ಅಂತರ ಇಟ್ಟರೆ ಅದೇ ಒಂದು ಆಟ.

ಮರದ ಬೊಡ್ಡೆಗಳಿಗಾಗಿ ಹೊಸ ಮರ ಕಡಿಯಬೇಡಿ. ರಸ್ತೆ ಅಗಲೀಕರಣದಲ್ಲಿ, ಗಾಳಿಮಳೆಯಲ್ಲಿ ಉರುಳಿದ ಮರಗಳನ್ನು ಕೊಡುವಂತೆ ಅರಣ್ಯ ಇಲಾಖೆಗೆ ಶಾಲೆಯ ವತಿಯಿಂದ ಲಿಖಿತ ಮನವಿ ಕೊಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಎಲ್ಲವೂ ಕಾಗದದ ಮೇಲೆಯೇ ಆಗಲಿ. ಜಾಲಿ, ಹುಣಸೆ, ಹೊನ್ನೆ ಬಾಳುತ್ತವೆ. ಮಾವು ಮಳೆಗೆ ಬೇಗ ಲಡ್ಡಾಗುತ್ತದೆ. ಗೆದ್ದಲಿಗೆಂದು ಕಂಬದ ಬುಡಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಲೋಹದ ಅಂಶಗಳೂ ಕ್ಯಾನ್ಸರ್‌ಕಾರಕಗಳೂ ಇರುತ್ತವೆ, ಮಕ್ಕಳ ಕೈ, ಬಾಯಿ ತಾಗುವ ಕಡೆ ಅದು ಕೂಡದು. ಹಿಂದೆ ಕಟ್ಟಿಗೆಗೆ ಹೊಡೆಯುತ್ತಿದ್ದ ಆರ್ಸೆನಿಕ್‌ಯುಕ್ತ ರಾಸಾಯನಿಕವನ್ನು ಅಮೆರಿಕದಲ್ಲಿ 2003ರ ಕೊನೆಯಿಂದ ಮಕ್ಕಳ ಆಟದ ರಚನೆಗಳಿಗೆ ಬಳಸುವುದನ್ನು ನಿಲ್ಲಿಸಿದ್ದಾರೆ. ಹಳೆಯ ಜಂತಿಮನೆಗಳ ಕಂಬದಂತೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ಮರಕ್ಕೆ ಮಣ್ಣು ತಾಗದಂತೆ ಒಂದು ಅಡಿ ಎತ್ತರಿಸುವುದೇ ಸುರಕ್ಷಿತ ಉಪಾಯ. ಬಿದಿರಿಗೂ ಇದೇ ಮಾತು. ಅದನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಬಹುದು, ಆದರೆ ಮಳೆಗೆ ಆ ಲವಣ ತೊಳೆದುಹೋಗುವುದರಿಂದ ಮೇಲೆ ಚಾವಣಿ ಬೇಕು.

ಹಳೆಯ ಟೈರ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆ ಟೈರ್‌ಗಳಿಂದ ದೇಶದ ನೂರಾರು ಕಡೆ ಆಟದ ಅಂಗಳ ಕಟ್ಟಿದೆ, ಆಟದ ಸಾಮಾನೇ ಕಾಣದ ಶಾಲೆಗಳಿಗೆ ಅದು ದೊಡ್ಡ ಉಪಕಾರ. ಟೈರ್ ಬಳಸುವವರು ಮೂರು ಸಂಗತಿ ಗಮನಿಸಬೇಕು. ಟೈರಿನೊಳಗೆ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ; ನೆಲಕ್ಕೆ ಊರುವ ಟೈರಿನ ಪೊಳ್ಳನ್ನು ಪೂರ್ತಿ ಮಣ್ಣಿನಿಂದ ತುಂಬಬೇಕು, ತೂಗುವ ಟೈರಿನ ತಳಕ್ಕೆ ಹೆಬ್ಬೆರಳು ತೂರುವಷ್ಟು ದೊಡ್ಡ ಮೂರು ತೂತು ಕೊರೆಯಬೇಕು. ತಂತಿ ಹೊರಬಂದ ಟೈರನ್ನು ತಿರಸ್ಕರಿಸಬೇಕು. ಬಿಸಿಲು ನೇರವಾಗಿ ಬೀಳುವಲ್ಲಿ ಇಡಬಾರದು. ನನ್ನ ಮಟ್ಟಿಗೆ ಒಂದು ಅಂಗಳಕ್ಕೆ ನಾಲ್ಕೈದು ಟೈರ್ ಸಾಕು.

ಬಣ್ಣ ಬಳಿಯುವುದಾದರೆ ಡಬ್ಬಿಯ ಮೇಲಿನ ಅಕ್ಷರ ಓದಿ. ಗೃಹಬಳಕೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ 2016ರ ಕೇಂದ್ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಕೈಗಾರಿಕಾ ಬಣ್ಣಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಗ್ರಿಲ್ಲಿಗೆ ಹೊಡೆಯುವ ಬಣ್ಣವನ್ನೇ ಉಯ್ಯಾಲೆಗೂ ಹೊಡೆಯುವ ರೂಢಿ ಇರುವುದರಿಂದ, ಯಾವ ಬಣ್ಣ ಎಂಬುದನ್ನು ಆರ್ಡರಿನಲ್ಲೇ ಬರೆದುಕೊಡಬೇಕು.

ಬಿಡಿ ಸಾಮಾನು ಮತ್ತು ನಮ್ಮ ಆಟಗಳು

1943ರಲ್ಲಿ, ಜರ್ಮನ್ ಆಕ್ರಮಣದ ಕಾಲದಲ್ಲಿ, ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕ ಕಾರ್ಲ್ ಥಿಯೊಡರ್ ಸೊರೆನ್ಸನ್ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಲಗೆ, ಇಟ್ಟಿಗೆ, ಹಳೆಯ ಸಾಮಾನುಗಳನ್ನು ಮಕ್ಕಳ ಕೈಗೆ ಕೊಟ್ಟು ಅವರೇ ಕಟ್ಟಿ ಕೆಡವುವ ಆಟದ ಅಂಗಳ ಮಾಡಿದ. ಆಮ್‌ಸ್ಟರ್‌ಡ್ಯಾಮಿನಲ್ಲಿ 1947ರಿಂದ ಮೂರು ದಶಕ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ ಮರಳಿನ ಗುಂಡಿ, ಹಾರುಗಲ್ಲು, ಸರಳ ಕಂಬಿಗಳಿಂದ 700ಕ್ಕೂ ಹೆಚ್ಚು ಪುಟ್ಟ ಆಟದ ಜಾಗಗಳನ್ನು ರೂಪಿಸಿದ. ಇಬ್ಬರೂ ಮಗುವಿಗೆ ಹೀಗೇ ಆಡು ಎಂದು ಹೇಳುವ ಯಂತ್ರ ಕೊಡಲಿಲ್ಲ. ನಮ್ಮ ಲಗೋರಿಯ ಬಿಲ್ಲೆ, ಗಜ್ಜುಗ, ಹುಣಸೆ ಬೀಜ, ಚಿನ್ನಿದಾಂಡಿನ ಕೋಲು ಮಾಡುತ್ತಿದ್ದುದೂ ಇದನ್ನೇ. ಆದುದರಿಂದ ಒಂದು ಕಲ್ಲಿನ ಕಟ್ಟೆಯ ಮೇಲೆ ಉಜ್ಜಿ ನುಣುಪು ಮಾಡಿದ ಹಲಗೆ, ತೆಂಗಿನ ಚಿಪ್ಪು, ಗರಿಯ ಬುಡ, ಬಿದಿರಿನ ಅರೆಗೊಳವೆ, ಹಗ್ಗದ ತುಂಡು, ಹಳೆಯ ಸೀರೆ ಇವನ್ನು ಇಡಿ. ನೆಲದ ಮೇಲೆ ರಾಶಿ ಹಾಕಿದರೆ ಚೇಳು ಸೇರುವುದರಿಂದ ಕಟ್ಟೆ ಎರಡಡಿ ಎತ್ತರ ಇರಲಿ, ಪ್ರತಿದಿನ ಬೆಳಿಗ್ಗೆ ಒಬ್ಬ ಶಿಕ್ಷಕರು ಎಲ್ಲವನ್ನೂ ಒಮ್ಮೆ ತಿರುವಿ ಹಾಕಲಿ. ಅರೆಗೊಳವೆಗಳನ್ನು ಕೈಪಂಪಿನ ಬಳಿ ಇಟ್ಟರೆ ಮಕ್ಕಳು ನೀರಿನ ಕಾಲುವೆಯನ್ನು ದಿನಕ್ಕೊಂದು ಬಗೆಯಲ್ಲಿ ಕಟ್ಟುತ್ತಾರೆ.

ಖೋಖೋ ಅಂಕಣಕ್ಕೆ ಹಿರಿಯರ ಅಳತೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ಪ್ರಾಥಮಿಕ ಮಕ್ಕಳಿಗೆ ಅದನ್ನು ಕಿರಿದು ಮಾಡಿ, ಮರಗಳಿಲ್ಲದ ಒಂದು ಪಟ್ಟಿಯನ್ನು ಮೊದಲೇ ನಕ್ಷೆಯಲ್ಲಿ ಕಾದಿರಿಸಿ. ಗುಡ್ಡ, ಗಿಡಗಳ ಉತ್ಸಾಹದಲ್ಲಿ ಓಡುವ ಬಯಲನ್ನು ತಿಂದುಹಾಕಿದರೆ ದೊಡ್ಡ ತರಗತಿಯ ಮಕ್ಕಳಿಗೆ, ಅದರಲ್ಲೂ ಆಟಕ್ಕೆ ಬೇರೆಲ್ಲೂ ಜಾಗ ಸಿಗದ ಹುಡುಗಿಯರಿಗೆ ಅನ್ಯಾಯವಾಗುತ್ತದೆ.

ಗಾಲಿಕುರ್ಚಿಯ ಮಗುವೂ ಗುಡ್ಡದ ಮೇಲೆ ಹೋಗಬೇಕಲ್ಲವೇ? ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 1.2 ಮೀಟರ್ ಏರಲು 14.4 ಮೀಟರ್ ದಾರಿ ಬೇಕು. ಗುಡ್ಡವನ್ನು ಸುತ್ತಿ ಹತ್ತುವ 1.2 ಮೀಟರ್ ಅಗಲದ ಗಟ್ಟಿದಾರಿ ಮಾಡಿ, ನಡುವೆ ಒಂದು ಸಮತಟ್ಟು ನಿಲುಗಡೆ ಕೊಡಿ. ಇದಕ್ಕೆ ಗುಡ್ಡದ ಬುಡ ಇನ್ನಷ್ಟು ಅಗಲವಾಗುವುದರಿಂದ ಮಣ್ಣೂ ಹೆಚ್ಚು ಬೇಕಾಗುತ್ತದೆ. ಜಾಗ ಸಾಲದಿದ್ದರೆ 60 ಸೆಂ.ಮೀ.ನ ಎರಡನೇ ಗುಡ್ಡಕ್ಕೆ 7.2 ಮೀಟರ್ ದಾರಿ ಸಾಕು. ಮೆಟ್ಟಿಲು, ಬೇಲಿ, ಕಂಬಿ ಯಾವುದರಲ್ಲೂ 9ರಿಂದ 23 ಸೆಂ.ಮೀ. ನಡುವಿನ ಸಂದಿ ಇರಬಾರದು. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಳತೆ ಅದು.

ಕೆಲಸದ ಕ್ರಮ ಮತ್ತು ಬೇಸಿಗೆ ರಜೆ

ಜನವರಿಯಲ್ಲಿ ನಕ್ಷೆ ಮಾಡಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಟ್ಟು, ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಲು ಕೇಳಿ. ಮಣ್ಣು ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಲ್ಲದಾಗ ಮುಗಿಯಲಿ. ಜೂನ್, ಜುಲೈನಲ್ಲಿ ನೆಡುವ ಕೆಲಸ. ಮೊದಲ ಮಳೆಗಾಲ ಪೂರ್ತಿ ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಎಂದು ನೋಡಿ, ದಸರಾ ರಜೆಯಲ್ಲಿ ತಿದ್ದಿದ ಮೇಲೆ ಕಲ್ಲು, ಮರದ ಕೆಲಸ ಶುರು ಮಾಡಿ. ಉಯ್ಯಾಲೆ ಎರಡನೇ ವರ್ಷಕ್ಕಿರಲಿ.

ಸಸಿಗಳು ಸಾಯುವುದು ಬೇಸಿಗೆ ರಜೆಯಲ್ಲಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ, ಅದೇ ಹೊತ್ತಿಗೆ ಬಿಸಿಲು ವಿಪರೀತ. ನೆಡುವಾಗಲೇ ಪ್ರತಿ ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಎಂಟು, ಹತ್ತು ಲೀಟರ್ ಹಿಡಿಯುವ, ಮೆರುಗು ಹಾಕದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತಿಡಿ. ಅದಕ್ಕೆ ನೀರು ತುಂಬಿ ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದರೆ ನೀರು ಜಿನುಗಿ ಬೇರಿಗೆ ಇಳಿಯುತ್ತದೆ, ಆವಿಯಾಗುವುದಿಲ್ಲ, ಸೊಳ್ಳೆಯೂ ಸೇರುವುದಿಲ್ಲ. ವಾರಕ್ಕೊಮ್ಮೆ ತುಂಬಿದರೆ ಸಾಕು. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಬಿಡಿ. ರಜೆಗೆ ಮೊದಲು ಶಾಲೆಯ ಹತ್ತಿರದ ಮನೆಗಳ ಹೆಸರು ಬರೆದು, ಮನೆಗೆ ಎರಡು ಮರದಂತೆ ಹಂಚಿ, ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ನೀರು ಹಾಕಲು ಬಂದ ತಾಯಂದಿರು ಬೀಗ ನೋಡಿ ಹಿಂದಿರುಗಿದ್ದರಿಂದಲೇ ಹದಿನೆಂಟು ಹೊಂಗೆ ಸಸಿಗಳಲ್ಲಿ ಹದಿನಾಲ್ಕು ಒಣಗಿದವು. ಮರುವರ್ಷ ಬೀಗದ ಕೈ ಬಿಸಿಯೂಟದ ಅಡುಗೆಯವರ ಮನೆಯಲ್ಲಿತ್ತು, ನೆಟ್ಟ ಹದಿನಾಲ್ಕರಲ್ಲಿ ಹನ್ನೆರಡು ಬದುಕಿದವು.